ಸನ್ಮಾನದ ಮರುದಿನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2006ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಈ ಶಾಲೆಯ ಮೈಕಿನ ಮುಂದೆ ಕೊನೆಯ ಸಲ ನಿಂತಿದ್ದು ನಮ್ಮ ಬೀಳ್ಕೊಡುಗೆ ಸಮಾರಂಭದಲ್ಲಿ. ಅವತ್ತು ಬಾಯಿಪಾಠ ಮಾಡಿದ್ದ ಭಾಷಣ ಅರ್ಧಕ್ಕೇ ಮರೆತುಹೋಗಿ, ಧನ್ಯವಾದ ಕೂಡ ಹೇಳದೆ ಕೆಳಗಿಳಿದಿದ್ದೆ. ಅದಕ್ಕೇ ಈ ಸಲ ಬರೆದುಕೊಂಡು ಬಂದಿದ್ದೇನೆ. ನೋಡಿಕೊಂಡು ಓದಿದರೆ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ಇವತ್ತು ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸನ್ಮಾನ ಇದೆ, ಆ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ಏನು ಹೇಳುವುದು ಎಂದು ಯೋಚಿಸುತ್ತಲೇ ಬೆಳಿಗ್ಗೆ ಊರಿಗೆ ಬಂದೆ. ಸರ್ಕಲ್ಲಿನಲ್ಲಿ ಎರಡು ಫ್ಲೆಕ್ಸ್ ಕಟ್ಟಿದ್ದರು. ಒಂದು ನಮ್ಮೂರ ಹುಡುಗರ ಕ್ರಿಕೆಟ್ ತಂಡದ್ದು. ಟೂರ್ನಮೆಂಟ್ ಗೆದ್ದ ಹನ್ನೊಂದು ಜನರ ಜೊತೆ ವಿರಾಟ್ ಕೊಹ್ಲಿ ಕೂಡ ಅದರಲ್ಲಿದ್ದಾರೆ. ಇನ್ನೊಂದು ಇವತ್ತು ಸನ್ಮಾನ ಆಗುವ ಮಕ್ಕಳದ್ದು, ಮೊದಲನೆಯದರ ಕಾಲುಭಾಗ ಇರಬಹುದು. ಟೀ ಅಂಗಡಿಯಲ್ಲಿ ಕೇಳಿದೆ. ಮೊದಲನೇ ಫ್ಲೆಕ್ಸಿನ ಹುಡುಗರ ಹೆಸರು, ಯಾರು ಎಷ್ಟು ರನ್ ಹೊಡೆದರು ಎಲ್ಲ ಅಲ್ಲಿದ್ದವರಿಗೆ ಗೊತ್ತಿತ್ತು. ಎರಡನೇ ಫ್ಲೆಕ್ಸಿನ ಮಕ್ಕಳು ಯಾರ ಮನೆಯವರು ಎಂದು ಗೊತ್ತಿತ್ತು, ಏನು ಮಾಡಿದರು ಎಂದು ಗೊತ್ತಿರಲಿಲ್ಲ. "ಚೆನ್ನಾಗಿ ಓದ್ತವಂತೆ" ಎಂದರು, ಅಷ್ಟೇ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2013ರ ನವೆಂಬರ್ 16 ನನಗೆ ಚೆನ್ನಾಗಿ ನೆನಪಿದೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಶನಿವಾರ, ರಜೆ. ಪಿ.ಜಿ.ಯ ಟಿ.ವಿ. ಮುಂದೆ ಇಪ್ಪತ್ತು ಜನ ಸೇರಿದ್ದೆವು. ಮುಂಬೈನ ವಾಂಖೆಡೆಯಲ್ಲಿ ಸಚಿನ್ ತೆಂಡೂಲ್ಕರ್ ಅವರ ಕೊನೆಯ ಟೆಸ್ಟ್ ಮುಗಿಯಿತು. ಅವರು ಪಿಚ್ ಮುಟ್ಟಿ ನಮಸ್ಕಾರ ಮಾಡಿದಾಗ ನಮ್ಮಲ್ಲಿ ಅರ್ಧ ಜನ ಅತ್ತೆವು. ಅದೇ ದಿನ ಅವರಿಗೆ ಭಾರತರತ್ನ ಘೋಷಣೆಯಾಯಿತು. ಮೂಲೆಯಲ್ಲಿದ್ದ ಒಬ್ಬ, "ಇನ್ನೊಬ್ರಿಗೂ ಕೊಟ್ಟಿದ್ದಾರಂತೆ" ಎಂದ. ಆ ಇನ್ನೊಬ್ಬರು ಪ್ರೊ. ಸಿ.ಎನ್.ಆರ್. ರಾವ್. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಬಸವನಗುಡಿಯಲ್ಲಿ ಶಾಲೆ ಓದಿ, ಹದಿನೇಳನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿ, ಸಾವಿರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ ಬರೆದ ರಸಾಯನ ವಿಜ್ಞಾನಿ. ನಾವು ಇಪ್ಪತ್ತು ಜನರೂ ಕನ್ನಡದವರು, ಬಹುತೇಕ ಇಂಜಿನಿಯರುಗಳು. ಅವರು ಯಾವ ವಿಷಯದಲ್ಲಿ ಕೆಲಸ ಮಾಡಿದ್ದಾರೆ ಎಂದು ಒಬ್ಬರಿಗೂ ಹೇಳಲು ಬರಲಿಲ್ಲ. ಸಚಿನ್ ಅವರ ನೂರು ಶತಕಗಳನ್ನು ಮಾತ್ರ ಯಾರು ಬೇಕಾದರೂ ಹೇಳುತ್ತಿದ್ದರು.

ದೊಡ್ಡವರ ವಿಷಯ ಬಿಡಿ, ಮಕ್ಕಳದ್ದೇ ನೋಡೋಣ. 2024ರ ಜೂನ್ 29ರಂದು ನಮ್ಮ ಕ್ರಿಕೆಟ್ ತಂಡ ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಗೆದ್ದಿತು. ಬಿಸಿಸಿಐ 125 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಜುಲೈ 4ರಂದು ಮುಂಬೈನ ಮರೀನ್ ಡ್ರೈವ್‌ನಲ್ಲಿ ತೆರೆದ ಬಸ್ಸಿನ ಮೆರವಣಿಗೆ ನಡೆಯಿತು, ಕಾಲಿಡಲು ಜಾಗ ಇರಲಿಲ್ಲ. ಅದೇ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆಯಿತು. ನೂರಕ್ಕೂ ಹೆಚ್ಚು ದೇಶಗಳ ಶಾಲಾ ಮಕ್ಕಳು ಬಂದಿದ್ದರು. ನಮ್ಮ ದೇಶದ ಆರು ಮಕ್ಕಳು ನಾಲ್ಕು ಚಿನ್ನ, ಒಂದು ಬೆಳ್ಳಿ, ಒಂದು ಗೌರವ ಉಲ್ಲೇಖ ಪಡೆದು ಭಾರತವನ್ನು ನಾಲ್ಕನೇ ಸ್ಥಾನಕ್ಕೆ ತಂದರು. 1989ರಿಂದ ನಾವು ಭಾಗವಹಿಸುತ್ತಿದ್ದೇವೆ, ಅಷ್ಟು ಮೇಲೆ ಅದುವರೆಗೆ ಹೋಗಿರಲಿಲ್ಲ. ಯಾರೂ ಗಮನಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಪತ್ರಿಕೆಗಳಲ್ಲಿ ಬಂತು, ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಆ ಮಕ್ಕಳನ್ನು ಮಾತನಾಡಿಸಿದರು. ಆದರೆ ಇಲ್ಲಿ ಕುಳಿತಿರುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ಕೈ ಎತ್ತಿ ನೋಡೋಣ. ಮೇಷ್ಟ್ರೊಬ್ಬರು ಎತ್ತಿದ್ದಾರೆ. ಸಂತೋಷ.

ಇಷ್ಟು ಹೇಳಿದ ಮೇಲೆ, ಆಟಗಾರರಿಗೆ ಸಿಗುವ ಮರ್ಯಾದೆ ಕಿತ್ತು ಓದುವವರಿಗೆ ಕೊಡಿ ಎಂದು ನಾನು ಕೇಳುತ್ತೇನೆ ಎಂದುಕೊಂಡಿರಬಹುದು. ಇಲ್ಲ. ಅವರು ಬಿಸಿಲಲ್ಲಿ ಬೆಂದು, ಮೂಳೆ ಮುರಿದುಕೊಂಡು ಗಳಿಸಿದ್ದು ಅದು. ಓದು ಬೇರೆ, ಆಟ ಬೇರೆ ಎಂದು ಬೇಲಿ ಹಾಕುವುದಕ್ಕೆ ನಮ್ಮ ಕರ್ನಾಟಕದಲ್ಲಂತೂ ಆಗುವುದಿಲ್ಲ. ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಇಂಜಿನಿಯರ್. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ರಾಹುಲ್ ದ್ರಾವಿಡ್ ಅವರಿಗೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡುತ್ತೇವೆ ಎಂದಾಗ, ಅವರು ವಿನಯದಿಂದಲೇ ಬೇಡ ಎಂದರು. ಕ್ರೀಡಾ ಕ್ಷೇತ್ರದಲ್ಲಿ ಸಂಶೋಧನೆ ಮಾಡಿ ದುಡಿದು ಪಡೆಯಲು ಪ್ರಯತ್ನಿಸುತ್ತೇನೆ ಎಂದು ತಿಳಿಸಿದರು. ಪಿಎಚ್.ಡಿ. ಮಾಡುವವನ ಕಷ್ಟಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾರು ಕೊಟ್ಟಿದ್ದಾರೆ ಹೇಳಿ. ಕೊಟ್ಟವರು ಒಬ್ಬ ಕ್ರಿಕೆಟಿಗ.

ಹಾಗಾದರೆ ಈ ವ್ಯತ್ಯಾಸ ಏಕೆ? ಜನ ದಡ್ಡರು, ಮಾಧ್ಯಮದವರು ಕೆಟ್ಟವರು ಎಂದು ಬೈದರೆ ಸುಲಭ. ನನಗೆ ಅನಿಸುವುದು ಬೇರೆ. ಆಟವನ್ನು ನಾವು ಕಣ್ಣಾರೆ ನೋಡುತ್ತೇವೆ. ಓವರಿಗೆ ಆರು ಬಾಲು ಎಂದು ನಮ್ಮ ಅಜ್ಜಿಗೂ ಗೊತ್ತು. ಆಟಗಾರ ಸೊನ್ನೆಗೆ ಔಟಾದದ್ದನ್ನೂ ನೋಡಿರುತ್ತೇವೆ, ಮುಂದಿನ ಪಂದ್ಯದಲ್ಲಿ ಎದ್ದು ನಿಂತದ್ದನ್ನೂ ನೋಡಿರುತ್ತೇವೆ. ಹಾಗಾಗಿ ಅವನು ಗೆದ್ದಾಗ ನಾವೂ ಗೆದ್ದ ಹಾಗೆ. ಗಣಿತ ಒಲಿಂಪಿಯಾಡ್‌ನಲ್ಲಿ ಎರಡು ದಿನ ಪರೀಕ್ಷೆ. ದಿನಕ್ಕೆ ಮೂರೇ ಲೆಕ್ಕ, ನಾಲ್ಕೂವರೆ ಗಂಟೆ ಸಮಯ. ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ! ಆ ಹೊತ್ತಿನಲ್ಲಿ ಮಗುವಿನ ತಲೆಯೊಳಗೆ ಎಷ್ಟು ಸಲ ದಾರಿ ತಪ್ಪಿತು, ಎಷ್ಟು ಸಲ ಗೀಚಿ ಹೊಡೆದುಹಾಕಿ ಮತ್ತೆ ಮೊದಲಿನಿಂದ ಶುರುಮಾಡಿತು ಎಂದು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಚದುರಂಗವೂ ತಲೆಯ ಆಟವೇ. ಅಲ್ಲಿ ಮಣೆ ಇದೆ, ಕಾಯಿ ನಡೆಸುವುದು ಕಾಣುತ್ತದೆ. ಅದಕ್ಕೇ 2024ರ ಡಿಸೆಂಬರ್‌ನಲ್ಲಿ ಹದಿನೆಂಟು ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ದೇಶವೇ ಹೆಮ್ಮೆಪಟ್ಟಿತು, ತಮಿಳುನಾಡು ಸರ್ಕಾರ 5 ಕೋಟಿ ರೂಪಾಯಿ ಘೋಷಿಸಿತು. ಕಂಡದ್ದನ್ನು ಜನ ಮೆಚ್ಚುತ್ತಾರೆ. ಓದು ಕಾಣುವುದಿಲ್ಲ. ಕಾಣುವುದು ಕೊನೆಯಲ್ಲಿ ಬರುವ ಅಂಕ ಒಂದೇ. ಹಾಗಾಗಿ ನಾವು ಅಂಕಕ್ಕೆ ಹಾರ ಹಾಕುತ್ತೇವೆ.

ಓದುವ ಮಕ್ಕಳನ್ನೂ ಹಾಗೇ ತೇರಿನಲ್ಲಿ ಕೂರಿಸಿ ಮೆರೆಸಬೇಕೆಂದು ನಾನು ಹೇಳುತ್ತಿಲ್ಲ. ಅಭಿಮಾನ ಮಿತಿ ಮೀರಿದರೆ ಏನಾಗುತ್ತದೆ ಎಂದು ನೋಡಿದ್ದೇವೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ನಾನೂ ಕುಣಿದವನೇ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಜೀವ ಬಿಟ್ಟರು. ಆ ಸಂಜೆ ಅಮ್ಮ ಮೂರು ಸಲ ಫೋನ್ ಮಾಡಿ, "ಎಲ್ಲಿದ್ದೀಯಪ್ಪಾ" ಎಂದು ಕೇಳಿದರು. ಅಂಥ ಜಾತ್ರೆ ನಮ್ಮ ಮಕ್ಕಳಿಗೆ ಬೇಕಿಲ್ಲ.

ಹಾಗಾದರೆ ಏನು ಬೇಕು? ಅದನ್ನು ಹೇಳಲು ನನ್ನ ಸಹಪಾಠಿಯ ವಿಷಯ ಹೇಳಬೇಕು. ಹೆಸರು ಹೇಳಬೇಡ, ವಿಷಯ ಬೇಕಾದರೆ ಹೇಳು ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

2006ರಲ್ಲಿ ನಮ್ಮ ತರಗತಿಗೆ ಅವಳು ಮೊದಲು, ನಾನು ಎರಡನೆಯವನು. ಗಣಿತದಲ್ಲಿ ಅವಳಿಗೆ 97, ನನಗೆ 89. ಆದರೆ ಅಂಕಕ್ಕಿಂತ ದೊಡ್ಡ ವ್ಯತ್ಯಾಸ ನಮ್ಮಿಬ್ಬರಿಗೆ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ಪ್ರಮೇಯ ಬರೆದರೆ ನಾನು ಹಾಗೇ ಇಳಿಸಿಕೊಳ್ಳುತ್ತಿದ್ದೆ. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಸಾಧಿಸಿ ತಂದು ತೋರಿಸುತ್ತಿದ್ದಳು. ಆ ವರ್ಷ ಇದೇ ಅಂಗಳದಲ್ಲಿ ಶಾಮಿಯಾನ ಹಾಕಿ ಅವಳಿಗೆ ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಸ್ಟೀಲ್ ಟಿಫನ್ ಬಾಕ್ಸ್. ಊರಿನ ಗಣ್ಯರೆಲ್ಲ ಬಂದಿದ್ದರು. ಈ ಹುಡುಗಿ ನಮ್ಮೂರಿನ ಹೆಮ್ಮೆ ಎಂದು ಏಳು ಜನ ಭಾಷಣ ಮಾಡಿದರು. ನಾನು ಎರಡನೇ ಸಾಲಿನಲ್ಲಿ ಕುಳಿತು ಹೊಟ್ಟೆಕಿಚ್ಚು ಪಡುತ್ತಿದ್ದೆ.

ಅವಳು ಪಿಯುಸಿಗೆ ಸೇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ವಿಜ್ಞಾನ ವಿಭಾಗ ಇದ್ದದ್ದು ಹದಿನಾರು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿ. ಪ್ರಾಕ್ಟಿಕಲ್ ಮುಗಿಯುವುದು ನಾಲ್ಕೂವರೆಗೆ, ನಮ್ಮ ಕಡೆಯ ಬಸ್ಸು ಹೊರಡುವುದು ನಾಲ್ಕಕ್ಕೆ. ಆಮೇಲಿನ ಬಸ್ಸು ಏಳೂವರೆಗೆ, ಅದೂ ಊರೊಳಗೆ ಬರುವುದಿಲ್ಲ. ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಅವರಪ್ಪ ಒಂದು ವಾರ ಯೋಚನೆ ಮಾಡಿದರಂತೆ. ಹಾಸ್ಟೆಲ್ಲಿಗೆ ಅರ್ಜಿ ಹಾಕಬಹುದು ಎಂದು ಗೊತ್ತಾಗುವ ಹೊತ್ತಿಗೆ ಕೊನೆಯ ದಿನ ಮುಗಿದಿತ್ತು. ನನಗೂ ಅದೇ ಬಸ್ಸು, ಅದೇ ಕ್ರಾಸು. ಆದರೆ ನಾನು ಹುಡುಗ. ಜೊತೆಗೆ ನನ್ನ ಸೋದರಮಾವ ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದರು. ಎರಡನೆಯವನು ಬಿ.ಇ. ಓದಿದ. ಮೊದಲನೆಯವಳಿಗೆ ಎರಡು ವರ್ಷದಲ್ಲಿ ಮದುವೆಯಾಯಿತು.

ಇವತ್ತು ಇಲ್ಲಿ ಅತಿಥಿಯಾಗಿ ಅವಳು ನಿಲ್ಲಬೇಕಿತ್ತು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಅಂಕಪಟ್ಟಿ ನೋಡಿ ಹೇಳುತ್ತಿದ್ದೇನೆ.

ಕಳೆದ ವಾರ ಅವಳಿಗೆ ಫೋನ್ ಮಾಡಿ, ಇಂಥ ವಿಷಯ ಮಾತಾಡಬೇಕು, ಏನು ಹೇಳಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಆ ಶಾಲು ಇನ್ನೂ ಪೆಟ್ಟಿಗೇಲಿದೆ ಕಣೋ. ಅವತ್ತು ಅಷ್ಟು ಜನ ಬಂದಿದ್ರಲ್ಲ, ಒಬ್ರಾದ್ರೂ ನಮ್ಮಪ್ಪನ್ನ ಪಕ್ಕಕ್ಕೆ ಕರೆದು, ಮಗಳನ್ನ ಎಲ್ಲಿಗೆ ಸೇರಿಸ್ತೀಯಪ್ಪಾ, ಹೆಂಗೆ ಓಡಾಡ್ತಾಳೆ ಅಂತ ಕೇಳಿದ್ದಿದ್ರೆ ಸಾಕಾಗಿತ್ತು."

ನನ್ನ ಮಾತಿನ ಸಾರ ಇಷ್ಟೇ. ಆಟಗಾರನಿಗೂ ಓದುವ ಮಗುವಿಗೂ ಇರುವ ನಿಜವಾದ ವ್ಯತ್ಯಾಸ ಚಪ್ಪಾಳೆಯದ್ದಲ್ಲ, ಚಪ್ಪಾಳೆ ನಿಂತ ಮೇಲಿನ ದಿನದ್ದು. ನಮ್ಮ ಶಾಲೆಯ ಹುಡುಗ ಖೋಖೋದಲ್ಲಿ ಗೆದ್ದರೆ ಹೋಬಳಿಯಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಕಾಣುತ್ತದೆ. ಪಿ.ಟಿ. ಮೇಷ್ಟ್ರು ಕೈಹಿಡಿದು ಹತ್ತಿಸುತ್ತಾರೆ. ಓದಿಗೂ ಮೆಟ್ಟಿಲುಗಳಿವೆ, ನಮಗೆ ಗೊತ್ತಿಲ್ಲ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ ಐಒಕ್ಯೂಎಂ. ಪ್ರೌಢಶಾಲೆಯ ಮಕ್ಕಳು ಅದನ್ನು ಬರೆಯಬಹುದು. ಅದಾದ ಮೇಲೆ ಪ್ರಾದೇಶಿಕ ಹಂತ, ರಾಷ್ಟ್ರೀಯ ಹಂತ, ತರಬೇತಿ ಶಿಬಿರ, ಕೊನೆಗೆ ಆರು ಜನರ ತಂಡ. ಇಂಥದ್ದೊಂದು ಇದೆ ಎಂದು ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಆಗ ವಯಸ್ಸು ಮೀರಿತ್ತು. ನನ್ನ ಸಹಪಾಠಿಗೆ ಗೊತ್ತಾಗಲೇ ಇಲ್ಲ.

ಅಷ್ಟು ದೂರ ಹೋಗುವುದೇ ಬೇಡ. ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಎಂಟನೇ ತರಗತಿಯಲ್ಲಿ ಬರೆಯುವುದು. ನಮ್ಮಂಥ ಸರ್ಕಾರಿ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷಕ್ಕಿಂತ ಹೆಚ್ಚು ಆದಾಯವಿಲ್ಲದ ಮನೆಯ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ಪಿಯುಸಿ ಖರ್ಚು ಅದರಲ್ಲೇ ನಡೆಯುತ್ತದೆ. ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಸನ್ಮಾನ ಮಾಡುವುದಕ್ಕಿಂತ, ಎಂಟನೇ ತರಗತಿಯಲ್ಲೇ ಈ ಪರೀಕ್ಷೆಗೆ ತಯಾರು ಮಾಡಿಸುವುದು ದೊಡ್ಡ ಸನ್ಮಾನ ಎಂದು ನಾನು ತಿಳಿದಿದ್ದೇನೆ.

2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಒಬ್ಬ ಹುಡುಗಿ. ರೈತನ ಮಗಳು, 625ಕ್ಕೆ 625. ಎಲ್ಲ ಪತ್ರಿಕೆಗಳಲ್ಲೂ ಅವಳ ಫೋಟೋ ನೋಡಿದ್ದೇವೆ. ಅವಳು ಓದಿದ್ದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಎಂಬುದನ್ನು ನಾವು ಓದಿ ಮರೆತೆವು. ವಸತಿ ಎಂಬ ಆ ಒಂದು ಪದ ನನಗೆ ಮುಖ್ಯ. ಊಟ, ಹಾಸಿಗೆ, ದೀಪ ಎಲ್ಲ ಶಾಲೆಯಲ್ಲೇ. ನಾಲ್ಕು ಗಂಟೆಯ ಬಸ್ಸು ತಪ್ಪಿತಲ್ಲ ಎಂಬ ಚಿಂತೆ ಅಲ್ಲಿ ಇಲ್ಲ.

ಈಗ ನಾವು ಏನು ಮಾಡಬಹುದು? ಹಳೆಯ ವಿದ್ಯಾರ್ಥಿಗಳ ಪರವಾಗಿ ಮೂರು ಮಾತು ಮುಂದಿಡುತ್ತೇನೆ.

ಮೊದಲನೆಯದು, ಓದನ್ನು ಊರಿಗೆ ತೋರಿಸೋಣ. ಆಗಸ್ಟ್ 15ಕ್ಕೆ ಕಬಡ್ಡಿ, ಓಟದ ಸ್ಪರ್ಧೆ ಇರುತ್ತದಲ್ಲ, ಅದರ ಜೊತೆಗೆ ಅರ್ಧ ಗಂಟೆ ಇದಕ್ಕೆ ಕೊಡಿ. ಶಾಲೆಯ ಹಿಂದಿನ ತೆಂಗಿನ ಮರ ಹತ್ತದೆ ಅದರ ಎತ್ತರ ಹೇಳಲಿ ಮಕ್ಕಳು. ಒಂದು ಕೋಲು ನೆಟ್ಟು, ಕೋಲಿನ ನೆರಳು, ಮರದ ನೆರಳು ಎರಡನ್ನೂ ಅಳೆದರೆ ಬರುತ್ತದೆ. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳ ಪಾಠ ಅದು. ಆಮೇಲೆ ಕಾಯಿ ಕೀಳುವವರನ್ನು ಕರೆಸಿ ಮರ ಹತ್ತಿಸಿ, ಹಗ್ಗ ಇಳಿಬಿಟ್ಟು ಅಳೆಯೋಣ. ಒಂದು ಅಡಿ ಹೆಚ್ಚು ಕಡಿಮೆ ಬಂದರೆ ಏಕೆ ಬಂತು ಎಂದು ಮಕ್ಕಳೇ ಹೇಳಲಿ. ಆ ಹಗ್ಗ ನೆಲ ಮುಟ್ಟುವುದನ್ನು ಊರೇ ಕಾಯದಿದ್ದರೆ ನನ್ನನ್ನು ಕೇಳಿ.

ಎರಡನೆಯದು, ಸನ್ಮಾನವನ್ನು ಹಂಚೋಣ. 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್ ಅವರಿಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಘೋಷಣೆಯಾಗಿತ್ತು. ಎಲ್ಲರಿಗೂ ಸಮನಾಗಿ ಕೊಡಿ ಎಂದು ಅವರು ಕೇಳಿದರು. ಕೊನೆಗೆ ಅವರೂ ಸೇರಿ ಎಲ್ಲರಿಗೂ ತಲಾ 25 ಲಕ್ಷ ಬಂತು. ಅವರಿಗೆ ಅರ್ಧಕ್ಕರ್ಧ ಕಡಿಮೆಯಾಯಿತು, ಸಂತೋಷದಿಂದ ಒಪ್ಪಿದರು. ನಮ್ಮಲ್ಲೂ ಮಗುವಿನ ಜೊತೆ ಪಾಠ ಹೇಳಿದ ಮೇಷ್ಟ್ರನ್ನು, ಬಿಸಿಯೂಟ ಬಡಿಸಿದ ಅಮ್ಮಂದಿರನ್ನು, ಸಂಜೆ ಕೆಲಸ ಹೇಳದೆ ಓದಲು ಬಿಟ್ಟ ಅಜ್ಜಿಯನ್ನು ವೇದಿಕೆಗೆ ಕರೆಯೋಣ. ಮೊದಲ ಸ್ಥಾನ ಬಂದವರ ಜೊತೆಗೆ, 35 ಅಂಕ ಬರುತ್ತಿದ್ದವನು 60ಕ್ಕೆ ಏರಿದ್ದರೆ ಅವನನ್ನೂ ಕರೆಯೋಣ. ಸೊನ್ನೆಗೆ ಔಟಾಗಿ ಮುಂದಿನ ಪಂದ್ಯದಲ್ಲಿ ಎದ್ದು ನಿಂತವನಿಗೂ ಕ್ರಿಕೆಟ್‌ನಲ್ಲಿ ಚಪ್ಪಾಳೆ ಇರುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಸನ್ಮಾನದ ಮರುದಿನ ಪ್ರತಿ ಮಗುವಿನ ಮನೆಗೆ ಹಳೆಯ ವಿದ್ಯಾರ್ಥಿ ಒಬ್ಬರು ಹೋಗಬೇಕು. ಕೇಳಬೇಕಾದ್ದು ಮೂರೇ ಪ್ರಶ್ನೆ. ಮುಂದೆ ಎಲ್ಲಿಗೆ ಸೇರಿಸುತ್ತೀರಿ? ಹೇಗೆ ಹೋಗಿ ಬರುತ್ತಾರೆ? ಖರ್ಚು ಹೇಗೆ? ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಯಾವಾಗ ಎಂದು ಆ ಹಳೆಯ ವಿದ್ಯಾರ್ಥಿಗೆ ಗೊತ್ತಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಹಣ ಬೇಕಿಲ್ಲ. ಆದರೆ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಬಸ್ಸು ಇರಬೇಕಲ್ಲ? ಸಂಜೆ ಐದಕ್ಕೆ ಊರೊಳಗೆ ಬರುವ ಒಂದು ಬಸ್ಸು ಬೇಕು ಎಂದು ನಾವೆಲ್ಲ ಸಹಿ ಮಾಡಿ ಮನವಿ ಕೊಡೋಣ. ಅರ್ಜಿ ಬರೆದುಕೊಂಡು ಬಂದಿದ್ದೇನೆ, ಬಾಗಿಲ ಬಳಿ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ ಸಹಿ ಮಾಡಿ. ಮನೆಗೆ ಹೋಗಿ ಕೇಳುವವರ ಪಟ್ಟಿಯೂ ಅಲ್ಲೇ ಇದೆ. ಮೊದಲ ಹೆಸರು ನನ್ನದೇ ಬರೆದಿದ್ದೇನೆ. ನಾಳೆ ಭಾನುವಾರ, ನಾನು ಊರಲ್ಲೇ ಇರುತ್ತೇನೆ.

ಇವತ್ತು ಶಾಲು ಹೊದ್ದುಕೊಳ್ಳುವ ಮಕ್ಕಳಿಗೆ ಒಂದು ಮಾತು. ಈ ಚಪ್ಪಾಳೆ ನಿಮ್ಮದೇ, ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಆದರೆ ನಾಳೆ ಯಾರಾದರೂ ನಿಮ್ಮ ಮನೆಗೆ ಬಂದು ಮುಂದೇನು ಎಂದು ಕೇಳಿದಾಗ ನಾಚಿಕೆ ಪಡಬೇಡಿ. ಕಷ್ಟ ಇದ್ದರೆ ಇದೆ ಎಂದು ಹೇಳಿ. ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ.

ನನ್ನ ಸಹಪಾಠಿಯ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ಹೇಗೆ ಎಂದು ಕೇಳಿದ್ದಕ್ಕೆ ಅವಳು ನಕ್ಕು, "ನನ್ನ ಥರಾನೇ, ಮೇಷ್ಟ್ರು ಒಂದು ದಾರೀಲಿ ಮಾಡಿದ್ರೆ ಇವಳು ಇನ್ನೊಂದು ದಾರಿ ಹಿಡೀತಾಳೆ" ಎಂದಳು. ಎನ್‌ಎಂಎಂಎಸ್ ಪರೀಕ್ಷೆಗೆ ಅವಳ ಅರ್ಜಿ ಹಾಕಿಸುವ ಜವಾಬ್ದಾರಿ ನನ್ನದು. ಉಳಿದ ಮಕ್ಕಳದ್ದು ನಮ್ಮೆಲ್ಲರದ್ದು.

ಮಾತನಾಡಲು ಅವಕಾಶ ಕೊಟ್ಟ ನನ್ನ ಶಾಲೆಗೆ, ಈ ಸಲ ಮರೆಯದೆ, ಧನ್ಯವಾದ ಹೇಳುತ್ತೇನೆ.